ಮೈಕ್ರೋಸ್ಕೋಪ್ ಫೋಟೋನ ಅಳೆಯೋದು ಹೇಗೆ? ಬಯಾಲಜಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಂಎಸ್ಸಿ, ಪಿಎಚ್‌ಡಿ ಮಾಡೋ ಹುಡುಗ್ರು ಹುಡುಗೀರು ಲ್ಯಾಪ್‌ಟಾಪ್ ಹಿಡ್ಕೊಂಡು ಬಂದು ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಒಂದೇ ಕಡೆ ಬರೆದಿಡೋಣ ಅಂತ ಕೂತಿದೀನಿ. ಇಂಗ್ಲಿಷಲ್ಲಿ ಈ ವಿಷಯ ಬೇಕಾದಷ್ಟಿದೆ, ಆದ್ರೆ ಲ್ಯಾಬಲ್ಲಿ ಪಕ್ಕದವರ ಹತ್ರ ಡೌಟ್ ಕೇಳೋದು ಕನ್ನಡದಲ್ಲೇ ಅಲ್ವಾ, ಹಾಗಾಗಿ ಉತ್ತರನೂ ಕನ್ನಡದಲ್ಲೇ ಇರಲಿ.

ಫೋಟೋ ನೋಡಿದ್ರೇನೇ ಗೊತ್ತಾಗುತ್ತಲ್ಲ, ಅದನ್ನ ಅಳೆಯೋದು ಯಾಕೆ?

ಕಣ್ಣಿಗೆ ಕಾಣೋದು ಫೋಟೋ, ಆದ್ರೆ ಫೈಲ್ ಒಳಗಿರೋದು ಬರೀ ನಂಬರ್. 2048 × 2048 ಪಿಕ್ಸೆಲ್ ಇರೋ ಒಂದು ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದ್ರೆ ಸುಮಾರು 42 ಲಕ್ಷ ನಂಬರ್ ಇರೋ ಒಂದು ದೊಡ್ಡ ಟೇಬಲ್ ನಿಮ್ಮ ಕೈಗೆ ಬಂತು ಅಂತ ಅರ್ಥ. ಒಂದೊಂದು ನಂಬರೂ ಆ ಜಾಗದಲ್ಲಿ ಎಷ್ಟು ಬೆಳಕು ಬಿತ್ತು ಅಂತ ಹೇಳುತ್ತೆ. 8 ಬಿಟ್ ಫೋಟೋ ಆದ್ರೆ 0ಯಿಂದ 255, 12 ಬಿಟ್ ಆದ್ರೆ 0ಯಿಂದ 4095, 16 ಬಿಟ್ ಆದ್ರೆ 0ಯಿಂದ 65535.

ನಮ್ಮ ಕಣ್ಣು ಅಳತೆಗೆ ಆಗಿಬರಲ್ಲ. ಒಂದೇ ಬೂದು ಬಣ್ಣನ ಕಪ್ಪು ಕಾಗದದ ಮೇಲಿಟ್ರೆ ಬೆಳ್ಳಗೆ ಕಾಣುತ್ತೆ, ಬಿಳಿ ಕಾಗದದ ಮೇಲಿಟ್ರೆ ಕಪ್ಪಗೆ ಕಾಣುತ್ತೆ. "ಟ್ರೀಟೆಡ್ ಸೆಲ್‌ಗಳು ಸ್ವಲ್ಪ ಜಾಸ್ತಿ ಹೊಳೀತಿವೆ ಅನ್ಸುತ್ತೆ" ಅನ್ನೋ ಮಾತು ಬಂದ ತಕ್ಷಣ ನಂಬರ್ ತೆಗೆದು ನೋಡಬೇಕು. ಈ ಪೇಜಲ್ಲಿ ಮುಂದೆ ಬರೋ ಎಲ್ಲಾ ಉತ್ತರಗಳೂ ಈ ಒಂದು ಮಾತಿಂದಲೇ ಹುಟ್ಟೋದು, ನಿಮ್ಮ ಫೋಟೋ ಒಂದು ಅಳತೆ, ಅದನ್ನ ಮುಟ್ಟಿದ್ರೆ ಅಳತೆ ಬದಲಾಗುತ್ತೆ.

ಯಾವ ಸಾಫ್ಟ್‌ವೇರ್ ಹಾಕ್ಕೊಳ್ಲಿ? ದುಡ್ಡು ಕೊಡಬೇಕಾ?

ಕೊಡಬೇಕಾಗಿಲ್ಲ. ಫಿಜಿ ಹಾಕ್ಕೊಳ್ಳಿ. ಅದರ ಒಳಗಿರೋದು ಇಮೇಜ್‌ಜೆ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿದ್ದ ವೇಯ್ನ್ ರಾಸ್‌ಬ್ಯಾಂಡ್ ಅನ್ನೋರು 1987ರಲ್ಲಿ ಮ್ಯಾಕ್ ಕಂಪ್ಯೂಟರಿಗೆ ಅಂತ ಎನ್‌ಐಎಚ್ ಇಮೇಜ್ ಬರೆಯೋಕೆ ಶುರು ಮಾಡಿದ್ರು, ಆಮೇಲೆ 1997ರಲ್ಲಿ ಯಾವ ಕಂಪ್ಯೂಟರಲ್ಲಾದ್ರೂ ಓಡಲಿ ಅಂತ ಜಾವಾದಲ್ಲಿ ಹೊಸದಾಗಿ ಬರೆದ್ರು, ಅದೇ ಇಮೇಜ್‌ಜೆ. ಮೊದಲಿಂದಲೂ ಎಲ್ಲರಿಗೂ ಫ್ರೀ. ಆ ಇಮೇಜ್‌ಜೆಗೆ ಬಯಾಲಜಿಯವರಿಗೆ ಬೇಕಾದ ಪ್ಲಗಿನ್‌ಗಳನ್ನೆಲ್ಲ ಸೇರಿಸಿ ಕೊಟ್ಟಿರೋದೇ ಫಿಜಿ. ಡೌನ್‌ಲೋಡ್ ಮಾಡಿ ಫೋಲ್ಡರ್ ಬಿಚ್ಚಿದ್ರೆ ಸಾಕು, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. ನಮ್ಮ ಕಡೆ ಎಷ್ಟೋ ಕಾಲೇಜುಗಳಲ್ಲಿ ಮೈಕ್ರೋಸ್ಕೋಪ್ ಕಂಪನಿಯ ಸಾಫ್ಟ್‌ವೇರ್ ಲೈಸೆನ್ಸ್ ಒಂದೇ ಒಂದು ಕಂಪ್ಯೂಟರಲ್ಲಿ ಇರುತ್ತೆ, ಅದಕ್ಕೆ ಕ್ಯೂ ನಿಲ್ಲೋ ಬದಲು ಇದನ್ನ ಕಲಿತರೆ ಮನೇಲೂ ಕೆಲಸ ಮಾಡಬಹುದು.

ನೂರಾರು ಫೋಟೋಗಳಿಗೆ ಒಂದೇ ಕೆಲಸ ಮಾಡೋದಿದ್ರೆ ಸೆಲ್‌ಪ್ರೊಫೈಲರ್ ನೋಡಿ. ಆಸ್ಪತ್ರೆ ಸ್ಲೈಡ್ ಸ್ಕ್ಯಾನ್ ತರ ದೊಡ್ಡ ದೊಡ್ಡ ಫೈಲ್ ಇದ್ರೆ ಕ್ಯೂಪಾತ್. ಎರಡೂ ಫ್ರೀ. ಆದ್ರೆ ಮೊದಲ ಮೂರು ತಿಂಗಳು ಫಿಜಿ ಒಂದನ್ನೇ ಸರಿಯಾಗಿ ಕಲೀರಿ ಅಂತ ನನ್ನ ಸಲಹೆ.

ಮೈಕ್ರೋಸ್ಕೋಪ್ ಕೊಟ್ಟ ಫೈಲ್ ಓಪನ್ನೇ ಆಗ್ತಿಲ್ಲ!

ಝೈಸ್, ಲೈಕಾ, ನಿಕಾನ್ ಎಲ್ಲಾರೂ ತಮ್ಮ ತಮ್ಮದೇ ಫಾರ್ಮ್ಯಾಟಲ್ಲಿ ಸೇವ್ ಮಾಡ್ತಾರೆ. ಫಿಜಿ ಒಳಗೆ ಬಯೋ-ಫಾರ್ಮ್ಯಾಟ್ಸ್ ಅಂತ ಒಂದಿದೆ, ಅದು ಇವನ್ನೆಲ್ಲ ಓದುತ್ತೆ. ಫೈಲನ್ನ ಫಿಜಿ ಮೇಲೆ ಎಳೆದು ಹಾಕಿ. ಫೋಟೋ ಜೊತೆಗೆ ಪಿಕ್ಸೆಲ್ ಸೈಜ್, ಯಾವ ಲೆನ್ಸ್, ಎಕ್ಸ್‌ಪೋಷರ್ ಎಷ್ಟು ಅನ್ನೋ ಮಾಹಿತಿನೂ ಬರುತ್ತೆ, ಅದಕ್ಕೇ ಯಾವಾಗ್ಲೂ ಮೂಲ ಫೈಲೇ ಇಟ್ಕೊಳ್ಳಿ ಅನ್ನೋದು.

ಜೆಪೆಗ್‌ನಲ್ಲಿ ಸೇವ್ ಮಾಡಿದ್ರೆ ಏನಾಗುತ್ತೆ, ಸೈಜ್ ಚಿಕ್ಕದಾಗುತ್ತಲ್ಲ?

ಸೈಜ್ ಚಿಕ್ಕದಾಗೋದೇ ನಿಮ್ಮ ಡೇಟಾ ಬಿಸಾಕಿದ್ದರಿಂದ. ಜೆಪೆಗ್ ಅನ್ನೋದು ಫೋಟೋನ 8 × 8 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ಕಾಣಲ್ಲ ಅನ್ನೋ ಸಣ್ಣ ಸಣ್ಣ ವ್ಯತ್ಯಾಸಗಳನ್ನ ತೆಗೆದುಬಿಡುತ್ತೆ. ಮದುವೆ ಫೋಟೋಗೆ ತೊಂದರೆ ಇಲ್ಲ. ನಿಮಗೆ ಬೇಕಾಗಿರೋದು ಆ ಸಣ್ಣ ವ್ಯತ್ಯಾಸನೇ. ಜೊತೆಗೆ ಸಾಮಾನ್ಯ ಜೆಪೆಗ್ 8 ಬಿಟ್ ಮಾತ್ರ, 12 ಬಿಟ್ ಕ್ಯಾಮೆರಾ ಕೊಟ್ಟ 4096 ಮೆಟ್ಟಿಲು 256ಕ್ಕೆ ಇಳಿದುಹೋಗುತ್ತೆ. ಆಮೇಲೆ ಅದನ್ನೇ ಟಿಫ್ (ಸಾಮಾನ್ಯವಾಗಿ ಡೇಟಾ ಬಿಸಾಕದ ಫಾರ್ಮ್ಯಾಟ್) ಮಾಡಿ ಸೇವ್ ಮಾಡಿದ್ರೂ ಹೋದದ್ದು ವಾಪಸ್ ಬರಲ್ಲ.

ನಾನು ಓದೋವಾಗ ಒಂದು ಬೇಸಿಗೆ ಪೂರ್ತಿ ಕೂತು ತೆಗೆದ ಫೋಟೋಗಳೆಲ್ಲ ಜೆಪೆಗ್‌ನಲ್ಲಿತ್ತು, ಯಾಕಂದ್ರೆ ಆ ಕಂಪ್ಯೂಟರಲ್ಲಿ ಸೇವ್ ಒತ್ತಿದ್ರೆ ಅದೇ ಬರ್ತಿತ್ತು, ನನಗೆ ಯಾರೂ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಅಳತೆ ಶುರು ಮಾಡಿದಾಗ ಸೆಲ್ ಸುತ್ತ ಚೌಕ ಚೌಕ ಕಾಣೋಕೆ ಶುರುವಾಯ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆಗ ಗೊತ್ತಾಗಿ ಏನು ಪ್ರಯೋಜನ, ಎಲ್ಲಾ ಮತ್ತೆ ಮಾಡಿದ್ದಾಯ್ತು. ಆ ಸ್ಯಾಂಪಲ್‌ಗಳಲ್ಲಿ ಕೆಲವು ಮತ್ತೆ ಸಿಗಲೇ ಇಲ್ಲ, ಅದು ಈಗಲೂ ಬೇಜಾರು. ನಿಮಗೆ ಹಾಗಾಗೋದು ಬೇಡ. ವಾಟ್ಸಾಪಲ್ಲಿ ಗೈಡ್‌ಗೆ ಫೋಟೋ ಕಳಿಸಿ, ಪರವಾಗಿಲ್ಲ, ಆದ್ರೆ ವಾಟ್ಸಾಪಿಂದ ಇಳಿಸಿದ ಫೋಟೋನ ಅಳೀಬೇಡಿ, ಅದೂ ಒತ್ತಿ ಚಿಕ್ಕದು ಮಾಡಿದ ಜೆಪೆಗ್ಗೇ.

ಸ್ಕೇಲ್ ಬಾರ್ ಹಾಕೋದು ಹೇಗೆ? 40ಎಕ್ಸ್ ಅಂತ ಬರೆದ್ರೆ ಸಾಕಾ?

ಸಾಕಾಗಲ್ಲ. 40ಎಕ್ಸ್ ಅಂತ ಬರೆದ ಫೋಟೋನ ಪ್ರೊಜೆಕ್ಟರಲ್ಲಿ ಗೋಡೆ ತುಂಬ ಹಾಕಿದ್ರೆ ಅದು ಇನ್ನೂ 40ಎಕ್ಸಾ? ಬೇಕಾಗಿರೋದು ಒಂದು ಪಿಕ್ಸೆಲ್ ಅಂದ್ರೆ ಎಷ್ಟು ಮೈಕ್ರಾನ್ ಅನ್ನೋದು.

ಲೆಕ್ಕ ಸುಲಭ. ಕ್ಯಾಮೆರಾ ಚಿಪ್ಪಿನ ಒಂದು ಪಿಕ್ಸೆಲ್ ಅಗಲನ ಲೆನ್ಸಿನ ಮ್ಯಾಗ್ನಿಫಿಕೇಶನ್‌ನಿಂದ ಭಾಗಿಸಿ. 6.5 ಮೈಕ್ರಾನ್ ಪಿಕ್ಸೆಲ್ ಇರೋ ಕ್ಯಾಮೆರಾ, 10ಎಕ್ಸ್ ಲೆನ್ಸ್, ಅಂದ್ರೆ 0.65 ಮೈಕ್ರಾನ್. 100ಎಕ್ಸ್ ಆದ್ರೆ 0.065. ಮಧ್ಯದಲ್ಲಿ 0.5ಎಕ್ಸ್ ಅಡಾಪ್ಟರ್ ಏನಾದ್ರೂ ಇದ್ರೆ ಭಾಗಿಸೋ ಮೊದಲು ಲೆನ್ಸಿನ ಮ್ಯಾಗ್ನಿಫಿಕೇಶನ್‌ನ ಅದರಿಂದ ಗುಣಿಸಬೇಕು, ಹಳೇ ಮೈಕ್ರೋಸ್ಕೋಪಿಗೆ ಆಮೇಲೆ ಕ್ಯಾಮೆರಾ ಸಿಕ್ಕಿಸಿರೋ ಕಡೆ ಇದನ್ನ ಎಲ್ಲರೂ ಮರೀತಾರೆ. ನಂಬಿಕೆ ಬರ್ಲಿಲ್ಲ ಅಂದ್ರೆ ಸ್ಟೇಜ್ ಮೈಕ್ರೋಮೀಟರ್ (ಸಣ್ಣ ಅಳತೆ ಗೆರೆ ಇರೋ ಗಾಜಿನ ಸ್ಲೈಡ್) ಇಟ್ಟು ಪ್ರತಿ ಲೆನ್ಸಲ್ಲೂ ಒಂದೊಂದು ಫೋಟೋ ತೆಗೆದು ಫಿಜಿಲಿ ಗೆರೆ ಎಳೆದು ನೋಡಿ. ಒಂದು ದಿನದ ಕೆಲಸ, ಮೈಕ್ರೋಸ್ಕೋಪ್ ಪಕ್ಕದ ಗೋಡೆಗೆ ಆ ಪಟ್ಟಿ ಅಂಟಿಸಿದ್ರೆ ನಿಮ್ಮ ನಂತರ ಬರೋರಿಗೂ ಆಯ್ತು.

ಅನಲೈಜ್ ಮೆನುಲಿ ಸೆಟ್ ಸ್ಕೇಲ್ ಇದೆ, ಅಲ್ಲಿ ನಂಬರ್ ಕೊಡಿ. "ಗ್ಲೋಬಲ್" ಅನ್ನೋ ಟಿಕ್ ಬಗ್ಗೆ ಹುಷಾರು, ಅದು ಇದ್ರೆ ನೀವು ಆಮೇಲೆ ಓಪನ್ ಮಾಡೋ ಫೋಟೋಗಳಿಗೆಲ್ಲ, ಬೇರೆ ಲೆನ್ಸಲ್ಲಿ ತೆಗೆದಿದ್ರೂ, ಅದೇ ಸ್ಕೇಲ್ ಹಾಕಿಬಿಡುತ್ತೆ.

ಜಾಸ್ತಿ ಮ್ಯಾಗ್ನಿಫಿಕೇಶನ್ ಇದ್ರೆ ಜಾಸ್ತಿ ವಿವರ ಕಾಣುತ್ತೆ ತಾನೆ?

ವಿವರ ಕೊಡೋದು ಲೆನ್ಸ್ ಮೇಲೆ ಬರೆದಿರೋ ಎನ್‌ಎ (ನ್ಯೂಮೆರಿಕಲ್ ಅಪರ್ಚರ್, ಲೆನ್ಸ್ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತೆ ಅನ್ನೋದು) ಅನ್ನೋ ಎರಡನೇ ನಂಬರ್. ಜರ್ಮನಿಯ ಭೌತವಿಜ್ಞಾನಿ ಅರ್ನ್ಸ್ಟ್ ಆಬೆ 1873ರಲ್ಲೇ ತೋರಿಸಿದ್ದು ಇದನ್ನ. ಬೆಳಕಿನ ತರಂಗದ ಉದ್ದನ ಎನ್‌ಎ ಎರಡರಷ್ಟರಿಂದ ಭಾಗಿಸಿದ್ರೆ ಬರೋ ದೂರಕ್ಕಿಂತ ಹತ್ತಿರ ಇರೋ ಎರಡು ಚುಕ್ಕೆ ಮಾಮೂಲಿ ಮೈಕ್ರೋಸ್ಕೋಪಿಗೆ ಬೇರೆ ಬೇರೆಯಾಗಿ ಕಾಣಲ್ಲ. 520 ನ್ಯಾನೋಮೀಟರ್ ಹಸಿರು ಬೆಳಕು, 1.4 ಎನ್‌ಎ ಇರೋ ಎಣ್ಣೆ ಲೆನ್ಸ್, ಅಂದ್ರೆ ಸುಮಾರು 186 ನ್ಯಾನೋಮೀಟರ್. ಮಿತಿ ಅಷ್ಟೇ. ಮೇಲೆ ಭಾಗಿಸಿ ತೆಗೆದ ಪಿಕ್ಸೆಲ್ ಅಳತೆ ಆ ದೂರದ ಅರ್ಧಕ್ಕಿಂತ ಚಿಕ್ಕದಿರಬೇಕು, ಇಲ್ಲಾಂದ್ರೆ ಲೆನ್ಸ್ ಕೊಟ್ಟ ವಿವರನ ಕ್ಯಾಮೆರಾ ಹಿಡಿಯಲ್ಲ. ಹಾಗಂತ ಬರೀ ಸೆಲ್ ಎಣಿಸೋದಿದ್ರೆ ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ, 10ಎಕ್ಸ್ ಲೆನ್ಸಲ್ಲಿ ಜಾಸ್ತಿ ಸೆಲ್ ಸಿಗುತ್ತೆ, ಅದೇ ಒಳ್ಳೇದು.

ಬ್ರೈಟ್‌ನೆಸ್ ಕಾಂಟ್ರಾಸ್ಟ್ ಸ್ವಲ್ಪ ಜಾಸ್ತಿ ಮಾಡಿದ್ರೆ ಮೋಸನಾ?

ಇದನ್ನ ಹೆದರ್ಕೊಂಡು ಕೇಳ್ತಾರೆ. ಇಡೀ ಫೋಟೋಗೆ ಒಂದೇ ಸಮ ಮಾಡಿ, ಕಂಟ್ರೋಲಿಗೂ ಟ್ರೀಟೆಡ್‌ಗೂ ಒಂದೇ ಸೆಟ್ಟಿಂಗ್ ಇಟ್ಟು, ಏನು ಮಾಡಿದ್ದೀವಿ ಅಂತ ಬರೆದ್ರೆ ಅದು ಮೋಸ ಅಲ್ಲ. ಫೋಟೋದ ಒಂದು ಮೂಲೆ ಮಾತ್ರ ಬೆಳಗಿಸೋದು, ಬೇಡದ ಬ್ಯಾಂಡ್ ಅಳಿಸೋದು, ಎರಡು ಜೆಲ್ ಕತ್ತರಿಸಿ ಗೆರೆ ಇಲ್ಲದ ಹಾಗೆ ಅಂಟಿಸೋದು, ಇವು ಮೋಸ, ನೀವು ಒಳ್ಳೇ ಮನಸ್ಸಿಂದ ಮಾಡಿದ್ರೂ ಅಷ್ಟೇ. 2002ರಲ್ಲೇ ಜರ್ನಲ್ ಆಫ್ ಸೆಲ್ ಬಯಾಲಜಿಯವರು ಒಪ್ಪಿಕೊಂಡ ಪೇಪರ್‌ಗಳ ಚಿತ್ರಗಳನ್ನ ಹೀಗೆ ಪರೀಕ್ಷೆ ಮಾಡೋಕೆ ಶುರು ಮಾಡಿದ್ರು. 2016ರಲ್ಲಿ ಸಂಶೋಧಕಿ ಎಲಿಸಬೆತ್ ಬಿಕ್ ಮತ್ತೆ ಅವರ ಜೊತೆಯವರು 40 ಜರ್ನಲ್‌ಗಳ 20,621 ಪೇಪರನ್ನ ಕಣ್ಣಲ್ಲೇ ನೋಡಿ ಪರೀಕ್ಷಿಸಿದ್ರು, ನೂರಕ್ಕೆ 3.8ರಷ್ಟು ಪೇಪರಲ್ಲಿ ಒಂದೇ ಚಿತ್ರ ಎರಡು ಕಡೆ ಬಂದಿರೋ ತರದ ತೊಂದರೆ ಸಿಕ್ತು. ಅದರಲ್ಲಿ ಎಷ್ಟೋ ಬರೀ ಫೈಲ್ ಹೆಸರು ಅದಲು ಬದಲಾಗಿದ್ದಿರಬಹುದು, ಆದ್ರೆ ಓದೋರಿಗೆ ಅದು ಹೇಗೆ ಗೊತ್ತಾಗಬೇಕು ಹೇಳಿ.

ಫಿಜಿಲಿ ಒಂದು ವಿಷಯ ಜ್ಞಾಪಕ ಇಟ್ಕೊಳ್ಳಿ. ಬ್ರೈಟ್‌ನೆಸ್ ಸ್ಲೈಡರ್ ಎಳೆದಾಗ ಬದಲಾಗೋದು ಪರದೆ ಮೇಲೆ ಕಾಣೋ ರೀತಿ ಮಾತ್ರ, ಒಳಗಿನ ನಂಬರ್ ಹಾಗೇ ಇರುತ್ತೆ. "ಅಪ್ಲೈ" ಒತ್ತಿದ್ರೆ ನಂಬರ್ರೇ ಬದಲಾಯ್ತು. ಇನ್ನೊಂದು ಹಳ್ಳ ಇದೆ ಯಾರಿಗೂ ಕಾಣದ್ದು, 16 ಬಿಟ್‌ನಿಂದ 8 ಬಿಟ್‌ಗೆ ಬದಲಾಯಿಸುವಾಗ ಫಿಜಿ ಆಗ ಪರದೆ ಮೇಲೆ ಏನು ಕಾಣ್ತಿದೆಯೋ ಅದೇ ವ್ಯಾಪ್ತಿನ 0ಯಿಂದ 255ಕ್ಕೆ ಹಿಗ್ಗಿಸುತ್ತೆ. ನೀವು ಪ್ರತಿ ಫೋಟೋಗೂ ಆಟೋ ಕಾಂಟ್ರಾಸ್ಟ್ ಒತ್ತಿ ಆಮೇಲೆ 8 ಬಿಟ್ ಮಾಡಿದ್ರೆ, ಒಂದೊಂದು ಫೋಟೋನೂ ಒಂದೊಂದು ತಕ್ಕಡಿಲಿ ತೂಗಿದ ಹಾಗಾಯ್ತು. ಮೊದಲು ಅಳೆದು ಮುಗಿಸಿ, ಆಮೇಲೆ ಒಂದು ಕಾಪಿ ಮಾಡ್ಕೊಂಡು ಪೇಪರಿಗೆ ಬೇಕಾದಂಗೆ ಚೆಂದ ಮಾಡಿ.

ಹೊಳಪು ಹೋಲಿಸಬೇಕು. ಫೋಟೋ ತೆಗೆಯುವಾಗ ಏನು ನೋಡ್ಕೋಬೇಕು?

ಎಕ್ಸ್‌ಪೋಷರ್, ಲೇಸರ್ ಪವರ್, ಗೇನ್ ಎಲ್ಲಾ ಸ್ಯಾಂಪಲಿಗೂ ಒಂದೇ. ಆಟೋ ಎಕ್ಸ್‌ಪೋಷರ್ ಆಫ್. ಸೆಟ್ಟಿಂಗ್ ಇಡೋದು ಅತೀ ಹೆಚ್ಚು ಹೊಳೆಯೋ ಸ್ಯಾಂಪಲ್ ನೋಡಿ, ಯಾಕಂದ್ರೆ ಪಿಕ್ಸೆಲ್ ತುಂಬಿ ತುಳುಕಿದ್ರೆ ಅದರ ಮೇಲಿನ ವ್ಯತ್ಯಾಸ ಹೋಯ್ತು. ಮಳೆ ಅಳೆಯೋಕೆ ಇಟ್ಟ ಪಾತ್ರೆ ತುಂಬಿ ಹರಿದ ಮೇಲೆ ಎಷ್ಟು ಮಳೆ ಬಂತು ಅಂತ ಹೇಗೆ ಹೇಳ್ತೀರ? ಹೈಲೋ ಅನ್ನೋ ಬಣ್ಣದ ಪಟ್ಟಿ ಹಾಕಿದ್ರೆ ತುಂಬಿದ ಪಿಕ್ಸೆಲ್ ಕೆಂಪಗೆ, ಸೊನ್ನೆ ಆದದ್ದು ನೀಲಿಗೆ ಕಾಣುತ್ತೆ. ಎರಡೂ ಇರಬಾರದು.

ಸಾಧ್ಯ ಆದ್ರೆ ಒಂದು ಎಕ್ಸ್‌ಪೆರಿಮೆಂಟಿನ ಎಲ್ಲಾ ಸ್ಲೈಡನ್ನ ಒಂದೇ ದಿನ ಕೂತು ತೆಗೀರಿ, ಕಂಟ್ರೋಲ್ ಮೊದಲು ಟ್ರೀಟೆಡ್ ಆಮೇಲೆ ಅಂತ ಅಲ್ಲ, ಕಲಸಿ. ದೀಪದ ಬೆಳಕು ಹೊತ್ತು ಹೋದಂಗೆ ಬದಲಾಗುತ್ತೆ. ಬ್ಯಾಕ್‌ಗ್ರೌಂಡ್ ಅಂತೂ ಕಳೀಲೇಬೇಕು, ಸೆಲ್ ಇಲ್ಲದ ಖಾಲಿ ಜಾಗದ ಸರಾಸರಿ ತಗೊಂಡು, ಸೆಲ್ಲಿನ ಏರಿಯಾದಿಂದ ಗುಣಿಸಿ, ಸೆಲ್ಲಿನ ಒಟ್ಟು ಹೊಳಪಿಂದ ಕಳೀಬೇಕು.

ಥ್ರೆಶೋಲ್ಡ್ ಎಷ್ಟಕ್ಕೆ ಇಡಲಿ?

ಥ್ರೆಶೋಲ್ಡ್ ಅಂದ್ರೆ ಯಾವ ನಂಬರಿಗಿಂತ ಮೇಲಿದ್ರೆ ಸೆಲ್, ಕೆಳಗಿದ್ರೆ ಖಾಲಿ ಜಾಗ ಅನ್ನೋ ಗೆರೆ. ಸ್ಲೈಡರ್ ಎಳೆದು "ಚೆನ್ನಾಗಿ ಕಾಣೋವರೆಗೂ" ಇಡ್ತೀವಿ ಅನ್ನೋದೇ ಎಲ್ಲರೂ ಮಾಡೋದು. ಬೆಳಿಗ್ಗೆ ಇಟ್ಟ ನಂಬರ್ ಸಂಜೆ ಬೇರೆ ಆಗುತ್ತೆ, ಯಾವುದು ಟ್ರೀಟೆಡ್ ಅಂತ ಗೊತ್ತಿದ್ರೆ ಕೈ ತಾನಾಗೇ ಆ ಕಡೆ ವಾಲುತ್ತೆ, ಇದು ಎಷ್ಟೇ ಪ್ರಾಮಾಣಿಕರಿಗೂ ಆಗುತ್ತೆ. ಅದಕ್ಕೇ ಆಟೋ ವಿಧಾನ ಬಳಸಿ. ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಕೊಟ್ಟ ವಿಧಾನ ಈಗಲೂ ಎಲ್ಲಾ ಕಡೆ ಓಡ್ತಿದೆ. ಪಿಕ್ಸೆಲ್‌ಗಳನ್ನ ಎರಡು ಗುಂಪು ಮಾಡಿ, ಒಂದೊಂದು ಗುಂಪಿನೊಳಗೆ ಏರುಪೇರು ಆದಷ್ಟು ಕಮ್ಮಿ ಇರೋ ಹಾಗೆ ಗೆರೆ ಎಲ್ಲಿ ಎಳೆಯೋದು ಅಂತ ಅದೇ ಹುಡುಕುತ್ತೆ. ಸೆಲ್ ತುಂಬ ಕಮ್ಮಿ ಇದ್ದು ಖಾಲಿ ಜಾಗನೇ ಜಾಸ್ತಿ ಇದ್ರೆ ಓಟ್ಸು ಎಡವುತ್ತೆ, ಆಗ ಟ್ರಯಾಂಗಲ್ ಅನ್ನೋ ವಿಧಾನ ನೋಡಿ. ಆಟೋ ಥ್ರೆಶೋಲ್ಡ್‌ನಲ್ಲಿ "ಟ್ರೈ ಆಲ್" ಒತ್ತಿದ್ರೆ ಹದಿನೈದಕ್ಕೂ ಹೆಚ್ಚು ವಿಧಾನ ಒಟ್ಟಿಗೆ ಮಾಡಿ ತೋರಿಸುತ್ತೆ. ನಾಲ್ಕೈದು ಫೋಟೋ ಮೇಲೆ ನೋಡಿ ಒಂದನ್ನ ಆರಿಸಿ, ಆಮೇಲೆ ಎಲ್ಲದಕ್ಕೂ ಅದೇ, ರಿಸಲ್ಟ್ ನೋಡಿ ಬದಲಾಯಿಸೋ ಹಾಗಿಲ್ಲ.

ಫೋಟೋದ ಒಂದು ಬದಿ ಬೆಳ್ಳಗೆ ಇನ್ನೊಂದು ಬದಿ ಕಪ್ಪಗೆ ಇದ್ರೆ ಯಾವ ಥ್ರೆಶೋಲ್ಡೂ ಕೆಲಸ ಮಾಡಲ್ಲ. ಮೊದಲು ಸಬ್‌ಟ್ರ್ಯಾಕ್ಟ್ ಬ್ಯಾಕ್‌ಗ್ರೌಂಡ್ ಮಾಡಿ, ರೋಲಿಂಗ್ ಬಾಲ್ ಸೈಜ್ (ಬ್ಯಾಕ್‌ಗ್ರೌಂಡ್ ಲೆಕ್ಕಕ್ಕೆ ಎಷ್ಟು ದೊಡ್ಡ ಜಾಗ ನೋಡಬೇಕು ಅನ್ನೋ ನಂಬರ್) ನಿಮ್ಮ ದೊಡ್ಡ ಸೆಲ್ಲಿಗಿಂತ ದೊಡ್ಡದಿರಲಿ, ಇಲ್ಲಾಂದ್ರೆ ಸೆಲ್ಲನ್ನೇ ತಿಂದುಹಾಕುತ್ತೆ.

ಸೆಲ್‌ಗಳು ಒಂದಕ್ಕೊಂದು ಅಂಟ್ಕೊಂಡಿವೆ, ಎಣಿಸೋದು ಹೇಗೆ?

ಎರಡು ಮೂರು ಅಂಟಿದ್ರೆ ವಾಟರ್‌ಶೆಡ್ ಸಾಕು, ನಡುವೆ ಸಣ್ಣ ಸೊಂಟ ತರ ಇರೋ ಕಡೆ ಕತ್ತರಿಸುತ್ತೆ. ಉದ್ದುದ್ದ ಸೆಲ್ ಇದ್ರೆ ಒಂದನ್ನೇ ಮೂರು ತುಂಡು ಮಾಡಿಬಿಡುತ್ತೆ, ನೋಡ್ಕೊಳ್ಳಿ. ಗುಂಪು ಗುಂಪಾಗಿದ್ರೆ ಸ್ಟಾರ್‌ಡಿಸ್ಟ್ ಇಲ್ಲಾ ಸೆಲ್‌ಪೋಸ್ ಅನ್ನೋ ಎಐ ಟೂಲ್ ಬಳಸಿ. ಸ್ಟಾರ್‌ಡಿಸ್ಟ್ ದುಂಡಗಿರೋ ನ್ಯೂಕ್ಲಿಯಸ್‌ಗೆ ಅಂತಾನೇ 2018ರಲ್ಲಿ ಬಂದದ್ದು, ಫಿಜಿ ಒಳಗೇ ಹಾಕ್ಕೋಬಹುದು. ಸೆಲ್‌ಪೋಸ್ ಸೆಲ್ಲಿನ ಪೂರ್ತಿ ಆಕಾರ ಹಿಡಿಯೋದ್ರಲ್ಲಿ ಚೆನ್ನಾಗಿದೆ.

ಯಾವುದೇ ಬಳಸಿ, 10 ಫೋಟೋ ತಗೊಂಡು ಕೈಯಲ್ಲಿ ಎಣಿಸಿ ಹೋಲಿಸಿ. ಇದಕ್ಕೆ ಬದಲಿಲ್ಲ.

ಎಐ ಹಾಕಿ ಮಸುಕು ಫೋಟೋನ ಕ್ಲಿಯರ್ ಮಾಡಬಹುದಾ?

ನೋಡೋಕೆ, ಸೆಲ್ ಗಡಿ ಹುಡುಕೋಕೆ ಸರಿ. ಆದ್ರೆ ಆ ಮಾಡೆಲ್ ತಾನು ಕಲಿತ ಫೋಟೋಗಳಲ್ಲಿ ಇದ್ದದ್ದನ್ನ ನಿಮ್ಮ ಫೋಟೋದಲ್ಲೂ ಇರಬೇಕು ಅಂತ ತುಂಬುತ್ತೆ. ಇಲ್ಲದ ಎಳೆ ಬರಬಹುದು, ಇದ್ದ ಎಳೆ ಹೋಗಬಹುದು. ಹಾಗೆ ಮಾಡಿದ ಫೋಟೋ ಮೇಲೆ ಹೊಳಪು ಅಳೀಬೇಡಿ. ಫೋನಿನ ಬ್ಯೂಟಿ ಆ್ಯಪ್ ತರದ್ದಂತೂ ಹತ್ರಕ್ಕೂ ಸೇರಿಸಬೇಡಿ.

300 ಸೆಲ್ ಅಳೆದಿದ್ದೀನಿ, ಎನ್ = 300 ಅಂತ ಬರೀಲಾ?

ಎನ್ ಅಂದ್ರೆ ಒಂದಕ್ಕೊಂದು ಸಂಬಂಧ ಇಲ್ಲದ ಸ್ಯಾಂಪಲ್ ಎಷ್ಟು ಅನ್ನೋ ಲೆಕ್ಕ. ಎಷ್ಟು ಇಲಿ, ಎಷ್ಟು ಗಿಡ, ಎಷ್ಟು ಸಲ ಬೇರೆ ಬೇರೆಯಾಗಿ ಎಕ್ಸ್‌ಪೆರಿಮೆಂಟ್ ಮಾಡಿದ್ರಿ? 3 ಇಲಿ, ಒಂದೊಂದರಲ್ಲಿ 100 ಸೆಲ್ ಅಂದ್ರೆ ಎನ್ 3. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡ್ತೀವಲ್ಲ, ಅದೇ ಪಾತ್ರೆಯಿಂದ ನೂರು ಅಗುಳು ಹಿಸುಕಿದ್ರೂ ಗೊತ್ತಾಗೋದು ಆ ಒಂದು ಪಾತ್ರೆ ಬಗ್ಗೆ ಮಾತ್ರ, ಪಕ್ಕದ ಮನೆ ಅನ್ನದ ಬಗ್ಗೆ ಏನೂ ಗೊತ್ತಾಗಲ್ಲ. ಒಂದು ಇಲಿಯ ಸೆಲ್‌ಗಳು ಒಂದು ಪಾತ್ರೆಯ ಅಗುಳು. ಎನ್ 300 ಅಂತ ಹಾಕಿ ಟಿ-ಟೆಸ್ಟ್ ಮಾಡಿದ್ರೆ ಪಿ ವ್ಯಾಲ್ಯೂ ಸಿಕ್ಕಾಪಟ್ಟೆ ಚಿಕ್ಕದು ಬರುತ್ತೆ, ಖುಷಿನೂ ಆಗುತ್ತೆ, ಆದ್ರೆ ಅದು ನಿಜ ಅಲ್ಲ. ಪ್ರತಿ ಇಲಿಗೆ ಸರಾಸರಿ ತೆಗೆದು ಆ ಸರಾಸರಿಗಳ ಮೇಲೆ ಟೆಸ್ಟ್ ಮಾಡಿ. ಗ್ರಾಫಲ್ಲಿ ಎಲ್ಲಾ ಸೆಲ್ಲೂ ಚಿಕ್ಕ ಚುಕ್ಕೆಯಾಗಿ ತೋರಿಸಿ, ಇಲಿಗೊಂದು ಬಣ್ಣ ಕೊಟ್ಟು, ಸರಾಸರಿನ ದೊಡ್ಡ ಚುಕ್ಕೆಯಾಗಿ ಹಾಕಿ, ಓದೋರಿಗೆ ಎಲ್ಲಾ ಕಾಣುತ್ತೆ.

ಈ ತಪ್ಪು ಇಮೇಜ್ ಅನಾಲಿಸಿಸ್‌ನಲ್ಲಿ ಇಷ್ಟು ಜಾಸ್ತಿ ಯಾಕೆ ಅಂದ್ರೆ ಇಲ್ಲಿ ಒಂದು ಗುಂಡಿ ಒತ್ತಿದ್ರೆ ಸಾವಿರ ಸಾಲು ಎಕ್ಸೆಲ್ ಬರುತ್ತೆ. ಸಾಲು ಜಾಸ್ತಿ ಇದ್ರೆ ಸಾಕ್ಷಿ ಜಾಸ್ತಿ ಅನ್ಸಿಬಿಡುತ್ತೆ.

ಕೆಂಪು ಹಸಿರು ಸೇರಿ ಹಳದಿ ಬಂದಿದೆ. ಎರಡು ಪ್ರೋಟೀನ್ ಅಂಟ್ಕೊಂಡಿವೆ ಅಂತ ತಾನೆ?

ಅಷ್ಟು ಬೇಗ ಹೇಳೋಕಾಗಲ್ಲ. ಮೈಕ್ರೋಸ್ಕೋಪಿನ ಮಿತಿ 200 ನ್ಯಾನೋಮೀಟರ್ ಹತ್ರ, ಜಿಎಫ್‌ಪಿ ತರದ ಹಸಿರು ಹೊಳೆಯೋ ಪ್ರೋಟೀನ್ ಸುಮಾರು 4 ನ್ಯಾನೋಮೀಟರ್ ಉದ್ದ. ಒಂದು ಹಳದಿ ಚುಕ್ಕೆ ಒಳಗೆ ಎರಡೂ ಪ್ರೋಟೀನ್ ಒಂದನ್ನೊಂದು ಮುಟ್ಟದೇ ದೂರ ದೂರ ಇರಬಹುದು. ಹಳದಿ ಬರೋದು ಬಿಡೋದೂ ನೀವು ಎರಡು ಚಾನೆಲ್‌ನ ಬ್ರೈಟ್‌ನೆಸ್ ಹೇಗಿಟ್ಟಿದ್ದೀರ ಅನ್ನೋದರ ಮೇಲೆ. ಎರಡು ಚಾನೆಲ್ ಎಷ್ಟು ಹೊಂದುತ್ತೆ ಅಂತ ಹೇಳೋ ಪಿಯರ್ಸನ್, ಮ್ಯಾಂಡರ್ಸ್ ಲೆಕ್ಕ ಮಾಡಿ, ಒಂದೇ ಬಣ್ಣ ಹಾಕಿದ ಕಂಟ್ರೋಲ್ ಸ್ಲೈಡ್ ಇಟ್ಟು ಒಂದು ಬಣ್ಣ ಇನ್ನೊಂದು ಚಾನೆಲ್ಲಿಗೆ ಸೋರ್ತಿಲ್ಲ ಅಂತ ನೋಡಿ. ಹಾಗೇ ಕೆಂಪು-ಹಸಿರು ಬದಲು ಮಜೆಂಟಾ-ಹಸಿರು ಹಾಕಿ, ಯುರೋಪ್ ಮೂಲದ ಗಂಡಸರಲ್ಲೇ ನೂರಕ್ಕೆ 8 ಜನಕ್ಕೆ ಕೆಂಪು ಹಸಿರು ಸರಿಯಾಗಿ ಬೇರೆ ಬೇರೆಯಾಗಿ ಕಾಣಲ್ಲ, ನಿಮ್ಮ ಪೇಪರ್ ನೋಡೋ ರಿವ್ಯೂವರ್ ಅವರಲ್ಲೊಬ್ಬರಿರಬಹುದು.

ನಮ್ಮಲ್ಲಿ ಒಳ್ಳೇ ಮೈಕ್ರೋಸ್ಕೋಪೇ ಇಲ್ಲ. ನಮಗಿದು ಬೇಕಾ?

ಖಂಡಿತ ಬೇಕು, ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಆಫೀಸಲ್ಲಿರೋ ಮಾಮೂಲಿ ಸ್ಕ್ಯಾನರ್ ಒಂದಿದ್ರೆ ಎಲೆ ಅಳೆಯೋ ಒಳ್ಳೇ ಉಪಕರಣ ಸಿಕ್ಕಂಗೆ. ಅವರೆ ಗಿಡದ ಎಲೆಲಿ ಹುಳ ಎಷ್ಟು ತಿಂದಿದೆ ಅಂತ ನೋಡಬೇಕು ಅನ್ಕೊಳ್ಳಿ. ಎಲೆ ಕಿತ್ತ ತಕ್ಷಣ ಸ್ಕ್ಯಾನರ್ ಗಾಜಿನ ಮೇಲೆ ಚಪ್ಪಟೆ ಇಟ್ಟು, ಪಕ್ಕದಲ್ಲೊಂದು ಸ್ಕೇಲ್ ಇಟ್ಟು, 300 ಡಿಪಿಐನಲ್ಲಿ ಟಿಫ್ ಆಗಿ ಸ್ಕ್ಯಾನ್ ಮಾಡಿ. 300 ಡಿಪಿಐ ಅಂದ್ರೆ ಒಂದು ಸೆಂಟಿಮೀಟರಿಗೆ ಸುಮಾರು 118 ಪಿಕ್ಸೆಲ್, ಒಂದು ಚದರ ಸೆಂಟಿಮೀಟರಲ್ಲಿ ಹತ್ತಿರ ಹತ್ತಿರ 13,950 ಪಿಕ್ಸೆಲ್, ಗ್ರಾಫ್ ಶೀಟ್ ಮೇಲೆ ಚೌಕ ಎಣಿಸೋದಕ್ಕಿಂತ ಎಷ್ಟೋ ಪಾಲು ನಿಖರ. ಫಿಜಿಲಿ ಥ್ರೆಶೋಲ್ಡ್ ಮಾಡಿ ಅನಲೈಜ್ ಪಾರ್ಟಿಕಲ್ಸ್ ಓಡಿಸಿ. ಅಲ್ಲಿ "ಇನ್‌ಕ್ಲೂಡ್ ಹೋಲ್ಸ್" ಅಂತಿದೆ, ಒಂದು ಸಲ ಟಿಕ್ ಹಾಕಿ, ಒಂದು ಸಲ ಟಿಕ್ ತೆಗೆದು ಓಡಿಸಿ, ಎರಡರ ವ್ಯತ್ಯಾಸನೇ ಹುಳ ಮಾಡಿದ ತೂತು. ಅಂಚಿಂದ ಕಚ್ಚಿದ್ದು ಈ ಲೆಕ್ಕಕ್ಕೆ ಬರಲ್ಲ, ಅದಕ್ಕೆ ಎಲೆ ಅಂಚು ಮೊದಲು ಎಲ್ಲಿತ್ತು ಅಂತ ನೀವೇ ಗೆರೆ ಎಳೆದು ಮುಚ್ಚಬೇಕಾಗುತ್ತೆ. ರಾಗಿ ತರ ಉದ್ದ ಎಲೆ ಸುರುಳಿ ಸುತ್ಕೊಳ್ಳುತ್ತೆ, ತುಂಡು ಮಾಡಿ ಮೇಲೊಂದು ಭಾರ ಇಡಿ.

ಫೋನಲ್ಲೂ ಆಗುತ್ತೆ, ಆದ್ರೆ ನೇರ ಮೇಲಿಂದ ತೆಗೀಬೇಕು, ಸ್ಕೇಲ್ ಎಲೆಯ ಮಟ್ಟದಲ್ಲೇ ಇರಬೇಕು, ಝೂಮ್ ಬೇಡ, ನೆರಳು ಬೇಡ. ಬೀಜ ಎಣಿಸೋದು, ಪ್ಲೇಟಿನ ಕಾಲೊನಿ ಎಣಿಸೋದು, ಬೇರಿನ ಉದ್ದ ನೋಡೋದು, ಎಲ್ಲಾ ಇದೇ ದಾರಿ.

ಕಂದು ಬಣ್ಣದ ಸ್ಟೇನ್ ಎಷ್ಟು ಗಾಢ ಇದೆ ಅಂತ ಅಳೆದು ಪ್ರೋಟೀನ್ ಎಷ್ಟಿದೆ ಅನ್ನಬಹುದಾ?

ಡಿಎಬಿ ಸ್ಟೇನ್ (ಹುಡುಕ್ತಿರೋ ಪ್ರೋಟೀನ್ ಇರೋ ಕಡೆ ಕಂದು ಬಣ್ಣ ಬರಿಸೋದು) ಬಗ್ಗೆ ಕೇಳ್ತಿದ್ರೆ, ಬೇಡ. ಅದರ ಗಾಢತೆ ಪ್ರೋಟೀನ್ ಪ್ರಮಾಣಕ್ಕೆ ಸರಿಯಾಗಿ ಏರಲ್ಲ. ಎಷ್ಟು ಸೆಲ್ ಕಂದು, ಎಷ್ಟು ಅಲ್ಲ ಅಂತ ಎಣಿಸಿ.

ಪೇಪರಲ್ಲಿ, ಥೀಸಿಸ್‌ನಲ್ಲಿ ಏನು ಬರೀಬೇಕು?

"ಇಮೇಜ್‌ಜೆ ಬಳಸಿ ವಿಶ್ಲೇಷಣೆ ಮಾಡಲಾಯಿತು" ಅನ್ನೋ ಒಂದು ಸಾಲು, "ಅಡುಗೆ ಒಲೆ ಮೇಲೆ ಮಾಡಲಾಯಿತು" ಅಂದಷ್ಟೇ ಮಾಹಿತಿ ಕೊಡುತ್ತೆ. ಯಾವ ವರ್ಶನ್, ಯಾವ ಲೆನ್ಸ್, ಎನ್‌ಎ ಎಷ್ಟು, ಪಿಕ್ಸೆಲ್ ಎಷ್ಟು ಮೈಕ್ರಾನ್, ರೋಲಿಂಗ್ ಬಾಲ್ ಎಷ್ಟು, ಥ್ರೆಶೋಲ್ಡ್ ಯಾವುದು, ಎಷ್ಟು ಚಿಕ್ಕ ಕಣಗಳನ್ನ ಬಿಟ್ಟಿರಿ, ಎಷ್ಟು ಸೆಲ್ ಎಷ್ಟು ಪ್ರಾಣಿಯಿಂದ, ಇಷ್ಟನ್ನೂ ಬರೀರಿ. ನೆನಪಿಟ್ಕೊಳ್ಳೋ ಕಷ್ಟ ಬೇಡ ಅಂದ್ರೆ ಪ್ಲಗಿನ್ಸ್, ಮ್ಯಾಕ್ರೋಸ್, ರೆಕಾರ್ಡ್ ಅಂತ ಆನ್ ಮಾಡಿಟ್ಟು ಕೆಲಸ ಮಾಡಿ, ನೀವು ಒತ್ತಿದ ಗುಂಡಿಗಳೆಲ್ಲ ಬರಹವಾಗಿ ಬರುತ್ತೆ, ಅದನ್ನ ಸೇವ್ ಮಾಡಿದ್ರೆ ಮುಂದಿನ 200 ಫೋಟೋಗೂ ಅದನ್ನೇ ಓಡಿಸಬಹುದು.

ಫೈಲ್‌ಗಳನ್ನ ಹೇಗೆ ಇಟ್ಕೊಳ್ಲಿ?

ಮೂಲ ಫೈಲ್‌ಗಳಿಗೆ ಒಂದು ಫೋಲ್ಡರ್, ಅದನ್ನ ರೀಡ್ ಓನ್ಲಿ ಮಾಡಿ. ಕೆಲಸ ಮಾಡೋ ಕಾಪಿಗಳಿಗೆ ಇನ್ನೊಂದು. ಹೆಸರಲ್ಲಿ ದಿನಾಂಕ, ಸ್ಯಾಂಪಲ್, ಲೆನ್ಸ್ ಇರಲಿ, ಖಾಲಿ ಜಾಗ ಬೇಡ, ಕನ್ನಡ ಅಕ್ಷರನೂ ಬೇಡ, ಬರೆಯೋಕೆ ಬೇಜಾರಾಗುತ್ತೆ ಆದ್ರೆ ಕೆಲವು ಪ್ಲಗಿನ್‌ಗಳು ಅದನ್ನ ಓದೋಕೆ ಇನ್ನೂ ತಡವರಿಸ್ತವೆ. ಮೈಕ್ರೋಸ್ಕೋಪ್ ಕಂಪ್ಯೂಟರಲ್ಲಿ ಮಾತ್ರ ಇದ್ರೆ ಅದು ಇಲ್ಲ ಅಂತಾನೇ ಲೆಕ್ಕ, ಫೋಟೋ ತೆಗೆದ ದಿನವೇ ಎರಡು ಬೇರೆ ಕಡೆ ಕಾಪಿ ಮಾಡಿ, ಆಮೇಲೆ ಮನೆಗೆ ಹೋಗಿ.